ದಂಡಿಗೆ ಹೋದವರ ಪತ್ತೆ

ಗೌರಿಬಿದನೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ: ‘ನಮ್ಮ ಮುತ್ತಜ್ಜನ ಅಣ್ಣ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದಲ್ಲಿದ್ದು ಮೊದಲ ಮಹಾಯುದ್ಧಕ್ಕೆ ಹೋದವರು ಹಿಂದಿರುಗಲಿಲ್ಲ. ಇಂದಿನ ಇಸ್ರೇಲಿನ ಹೈಫಾ ಬಂದರಿನಲ್ಲಿ ಮಡಿದರೆಂದು ಮನೆಯವರ ಮಾತು. ಅವರ ಹೆಂಡತಿ ಮಕ್ಕಳು ಏನಾದರೋ ತಿಳಿಯದು. ಲಂಡನ್ನಿನ ಪತ್ರಾಗಾರಕ್ಕೆ ಬರೆದರೂ ಫಲ ಸಿಗಲಿಲ್ಲ. ಮುಂದೇನು ಮಾಡಲಿ?’

ಉತ್ತರ: ಲಂಡನ್ನಿಗೆ ಬರೆದದ್ದು ತಪ್ಪೇನಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣವನ್ನೂ ಒಮ್ಮೆ ನೋಡಿ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ತೀರಿಕೊಂಡ ಸುಮಾರು ನಾಲ್ಕು ಸಾವಿರ ಭಾರತೀಯ ಯೋಧರನ್ನು ಈಜಿಪ್ಟಿನ ಹೆಲಿಯೊಪೊಲಿಸ್ ಸ್ಮಾರಕದಲ್ಲಿ ಸ್ಮರಿಸಲಾಗಿದೆ. ಆಯೋಗದ ಪಟ್ಟಿಯಲ್ಲಿ ಕೆಲವರ ತಂದೆಯ ಹೆಸರೂ ಊರೂ ಸಿಗುತ್ತವೆ. ಆದರೆ ನಿಮ್ಮ ತಾಲ್ಲೂಕು ಇಂದಿರುವ ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅಂದಿನ ಗುಮಾಸ್ತರ ಪಾಲಿಗೆ ನಿಮ್ಮ ಊರು ಕೋಲಾರ ಜಿಲ್ಲೆಯದು.

ಇದಕ್ಕಿಂತ ಹೆಚ್ಚಿನದನ್ನು ಲಂಡನ್ನಿನಿಂದ ನಿರೀಕ್ಷಿಸಬೇಡಿ. ಲ್ಯಾನ್ಸರ್ಸ್ ಮಹಾರಾಜರ ದಂಡು. ಆ ದಂಡನ್ನು ಸಾಕಿದ್ದು ಮೈಸೂರು ಸರ್ಕಾರ, ಮತ್ತು ಆ ಸರ್ಕಾರದ ಹಳೆಯ ಕಡತಗಳಿರುವುದು ನಿಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮರಳಬಹುದಾದ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ.

ಹೈಫಾದ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಿ. 1918ರ ಸೆಪ್ಟೆಂಬರ್ 23ರ ಆ ಪ್ರಸಿದ್ಧ ದಾಳಿಯಲ್ಲಿ ಮೈಸೂರು, ಜೋಧಪುರ ದಳಗಳೆರಡೂ ಸೇರಿ ಸತ್ತವರು ಎಂಟೇ ಮಂದಿ. ತಿಂಗಳು ಕಳೆದು, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಈ ದಳಗಳಿದ್ದ ಬ್ರಿಗೇಡಿನ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಭಾಷಣಕಾರರ ಬಾಯಲ್ಲಿ ಆ ಊರಿನ ಹೆಸರು ನಾನು ಕೇಳಿಲ್ಲ. ಆ ತಿಂಗಳುಗಳಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಕೂಡ ಅಲ್ಲಿದ್ದ ಸೈನ್ಯವನ್ನು ಹಣ್ಣು ಮಾಡಿದ್ದವು. ನಿಮ್ಮ ಹಿರಿಯರು ಆಸ್ಪತ್ರೆಯ ಡೇರೆಯಲ್ಲಿ ಜ್ವರದಿಂದ ಕಣ್ಣು ಮುಚ್ಚಿದ್ದರೆ ಅವರ ಮಾನಕ್ಕೇನೂ ಕುಂದಿಲ್ಲವಾದ್ದರಿಂದ, 1914ರಿಂದ 1919ರವರೆಗಿನ ಎಲ್ಲ ಪಟ್ಟಿಗಳನ್ನೂ ನೋಡಿ.

ಇಷ್ಟಾಗಿಯೂ ಅವರ ಹೆಂಡತಿ ಮಕ್ಕಳು ಸೈನ್ಯದ ಕಾಗದದಲ್ಲಿ ಸಿಗುವುದು ಅಪರೂಪ. ನೀವು ಸಮುದ್ರದಾಚೆಗೆ ಬರೆದಿರಿ, ಆದರೆ ಹೆಳವರ ಮಾತನ್ನೇ ಎತ್ತಲಿಲ್ಲವಲ್ಲ! ಎತ್ತಿನ ಮೇಲೆ ಬಂದು, ಜಗಲಿಯ ಮುಂದೆ ನಿಂತು, ವಂಶದ ತಲೆಮಾರುಗಳನ್ನೆಲ್ಲ ಹೇಳಿ ಕಾಳು ಪಡೆಯುತ್ತಿದ್ದ ಆ ಜನರಿಗೆ ಯಾವ ಮನೆಯ ಸೊಸೆ ಯಾವ ತವರಿನವಳೆಂಬುದು ಗೊತ್ತಿರುತ್ತಿತ್ತು. ನಿಮ್ಮ ಮನೆತನದ ಹೆಳವರು ಯಾರೆಂದು ಮನೆಯ ಅಜ್ಜಿಯರನ್ನು ಕೇಳಿ. ಜಮೀನಿದ್ದ ಕುಟುಂಬವಾದರೆ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಯನ್ನು ಹುಡುಕಿಸಿ. ಸತ್ತವನ ಹೊಲ ಯಾರ ಹೆಸರಿಗೆ ಹೋಯಿತೆಂಬುದು ಅವನ ಸಂಸಾರದ ಕಥೆಯನ್ನು ಅರ್ಧ ಹೇಳಿಬಿಡುತ್ತದೆ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ದನಗಳಿಗಾಗಿ ನಡೆದ ತುರುಗಾಳಗದಲ್ಲಿ ಬಿದ್ದ ಸಾಮಾನ್ಯನ ಹೆಸರೂ, ಅವನಿಗಾಗಿ ಬಿಟ್ಟ ನೆಲವೂ ವೀರಗಲ್ಲಿನ ಮೇಲೆ ಒಟ್ಟಿಗೇ ಕಾಣುವುದನ್ನು ಅದರಲ್ಲಿ ಓದಬಹುದು. ನೀವು ಇಂದು ಎರಡು ದೇಶಗಳಲ್ಲಿ ಅರಸುತ್ತಿರುವುದನ್ನು ಅಂದಿನ ಊರಿನವರು ಒಂದೇ ಕಲ್ಲಿನಲ್ಲಿ ಬರೆಸಿಟ್ಟರು. ಆ ಕಲ್ಲುಗಳನ್ನು ನಾವು ಚರಂಡಿಗೆ ಹಾಸಿದ್ದೇವೆ. ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಕಟ್ಟುಗಳಿಗೆ ಗೆದ್ದಲು ಹತ್ತಿದರೂ ಕೇಳುವವರಿಲ್ಲ, ಹೆಳವರ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ, ಸ್ಮಾರಕದ ಮುಂದೆ ಹೂವಿಡುವ ಸಮಾರಂಭಗಳಿಗೆ ಮಾತ್ರ ಹಣದ ಕೊರತೆಯಾಗಿಲ್ಲ.