ದೊಡ್ಡ ಕಂಪನಿಯ ಮುಂದೆ ಒಬ್ಬ ನೌಕರನ ಮಾತು ಯಾಕೆ ನಡೆಯುವುದಿಲ್ಲ?

ಕಾಯುವ ಶಕ್ತಿ ಇಬ್ಬರಿಗೂ ಒಂದೇ ಅಲ್ಲ, ಅದಕ್ಕೇ. ಸಾವಿರ ಜನರಿರುವ ಕಂಪನಿಯನ್ನು ಒಬ್ಬರು ಬಿಟ್ಟರೆ ಅದಕ್ಕೆ ಕಡಿಮೆಯಾಗುವುದು ಸಾವಿರದಲ್ಲಿ ಒಂದು ಪಾಲು ದುಡಿಮೆ. ಬಿಟ್ಟವರಿಗೆ ಹೋಗುವುದು ಪೂರ್ತಿ ಸಂಬಳ. ಇನ್ನೊಬ್ಬರು ಸಿಗುವವರೆಗೆ ಕಂಪನಿ ತಿಂಗಳುಗಟ್ಟಲೆ ಕಾಯಬಹುದು. ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು ಕಾಯುತ್ತವಾ? ಇದು ಎರಡೂ ಕಡೆಯವರಿಗೆ ಗೊತ್ತು. ಹಾಗಾಗಿ ಯಾರೂ ಬೆದರಿಸದಿದ್ದರೂ ನೌಕರ ಸುಮ್ನೆ ಸಹಿ ಹಾಕುತ್ತಾನೆ. ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಜೊತೆಗೆ, ಉಳಿದವರ ಸಂಬಳ ಎಷ್ಟೆಂದು ಕಂಪನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಎಲ್ಲರೂ ಒಟ್ಟಿಗೆ ಕೇಳಿದರೆ ಲೆಕ್ಕ ಬದಲಾಗುತ್ತದೆ. ಆಗ ನಿಲ್ಲುವುದು ಇಡೀ ಕೆಲಸ. ಸಂಘ ಕಟ್ಟುವ, ಒಟ್ಟಾಗಿ ಮಾತುಕತೆ ನಡೆಸುವ ಹಕ್ಕಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1949ರಲ್ಲೇ ಒಂದು ಒಪ್ಪಂದ ತಂದದ್ದು ಇದಕ್ಕೇ.