ಕಾಗದದಲ್ಲಿ ಒಂದು ಹೆಸರು, ಸಮಾಧಿ ಕಲ್ಲಿನಲ್ಲಿ ಇನ್ನೊಂದು

1910ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಚೀನೀ ಹಿರಿಯರೊಬ್ಬರ ಬದುಕನ್ನು ಆ ಕಾಲದ ಘಟನೆಗಳ ಜೊತೆ ಹೊಂದಿಸಿ ಹುಡುಕುವುದು ಹೇಗೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಮಾಧಿ ಕಲ್ಲಿನಿಂದ ಶುರು ಮಾಡಿ. ನಾನು ತಿಪಟೂರು ಕಡೆಯವನು, ಆದರೆ ಚೀನೀ ಮನೆಯ ಅಳಿಯ. ಅತ್ತೆಯ ತಾತನ ಜಾಡು ಹಿಡಿದು ಎರಡು ವರ್ಷ ಅಲೆದೆ. ಅದರಲ್ಲಿ ಮೊದಲ ಆರು ತಿಂಗಳು ದಂಡ, ಯಾಕಂದ್ರೆ ಅಮೆರಿಕದ ಕಾಗದದಲ್ಲಿದ್ದ ಹೆಸರು, ಊರು ಎರಡೂ ನಿಜ ಅಂದುಕೊಂಡಿದ್ದೆ.

ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಮನೆತನದ ಹೆಸರಿತ್ತು, ಚೀನೀ ಅಕ್ಷರದಲ್ಲಿ ಬೇರೆಯದೇ ಇತ್ತು. ಕೆತ್ತಿದವನ ತಪ್ಪಲ್ಲ ಅದು. 1882ರ ಕಾನೂನು ಚೀನೀ ಕೂಲಿಗಾರರಿಗೆ ಬಾಗಿಲು ಮುಚ್ಚಿತ್ತು. ವ್ಯಾಪಾರಿಗಳು, ಅಮೆರಿಕದಲ್ಲೇ ಹುಟ್ಟಿದವರು, ಅವರ ಮಕ್ಕಳು, ಹೀಗೆ ಕೆಲವರಿಗಷ್ಟೇ ದಾರಿ. 1906ರ ಏಪ್ರಿಲ್‌ನಲ್ಲಿ ಭೂಕಂಪ ಆಗಿ ಬೆಂಕಿ ಬಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಆಮೇಲೆ 'ನಾನು ಇಲ್ಲೇ ಹುಟ್ಟಿದವನು' ಅಂತ ಯಾರಾದರೂ ಅಂದರೆ, ಅಲ್ಲ ಅಂತ ತೋರಿಸೋಕೆ ಸರ್ಕಾರದ ಹತ್ತಿರ ಪುಸ್ತಕವೇ ಇಲ್ಲ. ಹಾಗೆ ಪೌರತ್ವ ಪಡೆದವರು ಊರಿಗೆ ಹೋಗಿ ಬಂದಾಗ ಮಗ ಹುಟ್ಟಿದ ಅಂತ ಬರೆಸುತ್ತಿದ್ದರು, ಹುಟ್ಟಿರಲಿ ಬಿಡಲಿ, ಕಾಗದದಲ್ಲಿನ ಆ ಮಗನ ಜಾಗವನ್ನು ಮುಂದೆ ಬೇರೆ ಮನೆಯ ಹುಡುಗನಿಗೆ ಮಾರಬಹುದಿತ್ತು. ಇಂಥವರಿಗೆ 'ಕಾಗದದ ಮಕ್ಕಳು' ಅಂತಲೇ ಹೆಸರು. ನಮ್ಮ ತಾತ 1912ರಲ್ಲಿ ಬಂದದ್ದು ಹಾಗೆ. ಕಲ್ಲಿನಲ್ಲಿ ಇಂಗ್ಲಿಷಿನದು ಕಾಗದದ ಹೆಸರು, ಚೀನೀ ಅಕ್ಷರದ್ದು ನಿಜವಾದದ್ದು.

ಕಲ್ಲಿನಲ್ಲಿ ಹುಟ್ಟಿದ ವರ್ಷ 'ಗುವಾಂಗ್‌ಶು 20' ಅಂತಿತ್ತು. ಅದು ಚಕ್ರವರ್ತಿಯ ಆಳ್ವಿಕೆಯ ಲೆಕ್ಕ, 1874 ಕೂಡಿಸಿದರೆ 1894. ಚಕ್ರವರ್ತಿಗಳು ಹೋದ ಮೇಲಿನ ಚೀನಾ ಗಣರಾಜ್ಯದ ವರ್ಷವಾದರೆ 1911 ಕೂಡಿಸಿ. ವಯಸ್ಸಿನ ಲೆಕ್ಕವೂ ಬೇರೆ: ಹುಟ್ಟಿದಾಗಲೇ ಒಂದು, ಪ್ರತಿ ಹೊಸ ವರ್ಷಕ್ಕೆ ಇನ್ನೊಂದು. ಹಾಗಾಗಿ ಒಂದೆರಡು ವರ್ಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಊರಿನ ಹೆಸರು ಮಾತ್ರ ಅಕ್ಷರ ಅಕ್ಷರ ಬರೆದುಕೊಳ್ಳಿ. ನಮ್ಮದು ಗುವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್. 1914ಕ್ಕಿಂತ ಹಿಂದಿನ ಕಾಗದದಲ್ಲಿ ಅದೇ ಜಾಗಕ್ಕೆ ಸಿನ್‌ನಿಂಗ್ ಅಂತ ಇರುತ್ತೆ.

ಆಮೇಲೆ ಸ್ಯಾನ್ ಬ್ರೂನೋದಲ್ಲಿರುವ ಅಮೆರಿಕದ ರಾಷ್ಟ್ರೀಯ ಪತ್ರಾಗಾರ. 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ ತಡೆದು ವಿಚಾರಣೆ ಮಾಡಿದವರ ಫೈಲುಗಳು ಅಲ್ಲಿವೆ. ಅಲ್ಲಿ ಕಾಗದದ ಹೆಸರಲ್ಲೇ ಕೇಳಬೇಕು. ಮನೆ ಬಾಗಿಲು ಯಾವ ದಿಕ್ಕಿಗೆ, ಬಾವಿ ಎಲ್ಲಿ, ಎರಡನೇ ಸಾಲಿನ ಮೂರನೇ ಮನೆ ಯಾರದು, ಅಕ್ಕಿ ಎಲ್ಲಿಡುತ್ತಾರೆ, ಇಂಥ ಪ್ರಶ್ನೆಗಳು ಪುಟಗಟ್ಟಲೆ. ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಹಡಗಿನಿಂದ ಇಳಿಯುತ್ತಿದ್ದರು. ನಮ್ಮ ತಾತ ಗೋಡೆ ಗಡಿಯಾರ ಇದೆ ಅಂದಿದ್ದಾರೆ, ಕಾಗದದ 'ಅಪ್ಪ' ಗಡಿಯಾರ ಇಲ್ಲ ಅಂದಿದ್ದಾನೆ. ಐದು ವಾರ ಕೂರಿಸಿದರು. ಓದುವಾಗ ನಗು ಬಂತು, ಆಮೇಲೆ ಹುಡುಗನಿಗೆ ಆಗ 18 ಅಂತ ನೆನಪಾಗಿ ನಗು ನಿಂತಿತು. ಒಂದು ಎಚ್ಚರ: ಆ ಉತ್ತರಗಳಲ್ಲಿರುವುದು ಕಾಗದದ ಅಪ್ಪನ ಊರು, ಇವರ ಊರಲ್ಲ. ನನ್ನ ಆರು ತಿಂಗಳು ಹೋದದ್ದು ಆ ಬಾವಿ ಹುಡುಕೋಕೆ.

ಸಿಕ್ಕಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಮನೆಯ ಸಂಗತಿ, ಬಲಕ್ಕೆ ಹೊರಗಿನ ಘಟನೆ ಅಂತ ಬರೆಯುತ್ತಾ ಹೋದೆ. ನಮ್ಮಲ್ಲಿ ಹೆಳವರು ಬಂದು ವಂಶಾವಳಿ ಓದುತ್ತಾರಲ್ಲ, ಅಂಥ ವಂಶದ ಪುಸ್ತಕಗಳು ಅವರಲ್ಲೂ ಇವೆ. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಬಹಳಷ್ಟು ಸುಟ್ಟರು, ನಮ್ಮ ಕವಲಿನದು ಯಾರೋ ಕೈಯಲ್ಲಿ ನಕಲು ಮಾಡಿಟ್ಟದ್ದು ಸಿಕ್ಕಿತು. ಅದರಲ್ಲಿ ತಾತನಿಗೆ ಇಬ್ಬರು ಗಂಡು ಮಕ್ಕಳು. ಅಮೆರಿಕದ ಫೈಲಿನಲ್ಲಿ ನಾಲ್ಕು! ಅತ್ತೆಯ ತಾಯಿ ಎರಡರಲ್ಲೂ ಇಲ್ಲ. ವಂಶದ ಪುಸ್ತಕದಲ್ಲಿ ಹೆಣ್ಣು ಮಕ್ಕಳನ್ನು ಬರೆಯುವ ರೂಢಿ ಕಡಿಮೆ, ಅದು ಗೊತ್ತಿತ್ತು. ಫೈಲಿನಲ್ಲಿ ಮಾತ್ರ 1922ರಲ್ಲಿ, ಅವರು ಹುಟ್ಟಿದ ತಿಂಗಳಲ್ಲೇ, ಒಬ್ಬ 'ಮಗ' ಹುಟ್ಟಿದ್ದಾನೆ. ಅಂದ್ರೆ ಅಜ್ಜಿಯೇ ಆ ಮಗ. ಅತ್ತೆಗೆ ಇದನ್ನು ತೋರಿಸಿದಾಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ನಾನೇ ಬರೆಸಿದ ಹಾಗೆ.

ಆ ಅಜ್ಜಿಗೆ ಸಾಯುವವರೆಗೂ ಅಪ್ಪನ ಮೇಲೆ ಒಂದು ಸಿಟ್ಟಿತ್ತಂತೆ. ಯುದ್ಧದ ಕಾಲದಲ್ಲಿ ನಾಲ್ಕು ವರ್ಷ ಒಂದು ಕಾಸು ಕಳಿಸಲಿಲ್ಲ, 1943ರ ಬರದಲ್ಲಿ ಊರಲ್ಲಿ ಜನ ಸಾಯುತ್ತಿದ್ದಾಗಲೂ ಇಲ್ಲ, ಅಮೆರಿಕದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದ ಅಂತ. ಎಡಗಡೆ ಕೊನೆಯ ಹಣದ ಪತ್ರ 1941ರ ನವೆಂಬರ್. ಬಲಗಡೆ ಬರೆಯಲು ಹೋದಾಗ ಕೈ ನಿಂತಿತು: 1941ರ ಡಿಸೆಂಬರ್ 25, ಹಾಂಗ್‌ಕಾಂಗ್ ಜಪಾನೀಯರ ವಶ. ನಮ್ಮವರ ಹಣ, ಪತ್ರ ಎಲ್ಲ ಹೋಗುತ್ತಿದ್ದದ್ದು ಹಾಂಗ್‌ಕಾಂಗ್ ಮೇಲೆ. ಮತ್ತೆ ಪತ್ರ ಶುರುವಾದದ್ದು 1945ರ ಕೊನೆಗೆ, ಮೊದಲ ಸಾಲಲ್ಲೇ ಯಾರು ಯಾರು ಬದುಕಿದ್ದೀರಿ ಅಂತ ಕೇಳಿದ್ದಾರೆ. ಇನ್ನೊಂದು ಸಂಸಾರ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಇತ್ತು ಅನ್ನೋಕೆ ಒಂದು ಚೂರು ಕಾಗದ ಸಿಕ್ಕಿಲ್ಲ ಅಷ್ಟೇ.

ಕಲ್ಲಿನ ಫೋಟೋ ತೆಗೆಯೋಕೆ ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲಲ್ಲಿ ಸವೆದ ಅಕ್ಷರವೂ ಕಾಣುತ್ತೆ, ಮಧ್ಯಾಹ್ನ ಹೋದರೆ ಏನೂ ಓದಲಾಗದು.