ಹಳೆಯ ಶೈಲಿಗೆ ಹೊಸದನ್ನು ಬೆರೆಸಿದರೆ ಅಂಟಿಸಿದಂತೆ ಕಾಣುವುದೇಕೆ?

ಐರೋಪ್ಯ ಅಭಿಜಾತ ಪದ್ಧತಿಯಲ್ಲಿ ತೈಲವರ್ಣದ ಭಾವಚಿತ್ರ ಕಲಿತಿದ್ದೀರಿ. ಈಗ ಅದರೊಳಗೆ ಸಮಕಾಲೀನ ಅಂಶಗಳನ್ನು ತಂದರೆ ಎರಡೂ ಒಂದನ್ನೊಂದು ಒಪ್ಪದೆ ಬೇರೆಬೇರೆ ನಿಲ್ಲುತ್ತವೆ ಎಂದು ಬರೆದಿದ್ದೀರಿ. ನಾನೂ ಅದೇ ಪದ್ಧತಿಯಲ್ಲಿ ತರಬೇತಾದವನು. ಹೊಸದನ್ನು ನೀವು ವಸ್ತುವಿನ ಮಟ್ಟದಲ್ಲಿ ಮಾತ್ರ ತರುತ್ತಿದ್ದೀರಿ, ರಚನೆಯ ಮಟ್ಟದಲ್ಲಿ ತರುತ್ತಿಲ್ಲ ಎಂಬುದು ನನ್ನ ಅನುಮಾನ. ಮೋನಾಲಿಸಾಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸುವ ಚಿತ್ರಗಳನ್ನು ನೋಡಿರುತ್ತೀರಿ. ಮೊದಲ ಸಲ ನಗು ಬರುತ್ತದೆ, ಎರಡನೆಯ ಸಲ ನೋಡಲು ಅದರಲ್ಲಿ ಏನೂ ಉಳಿದಿರುವುದಿಲ್ಲ.

ಫ್ರೆಂಚ್ ಚಿತ್ರಕಾರ ಎಡ್ವರ್ಡ್ ಮಾನೆ 1863ರಲ್ಲಿ ಬರೆದ ‘ಒಲಿಂಪಿಯಾ’ವನ್ನು 16ನೇ ಶತಮಾನದ ಇಟಲಿಯ ಚಿತ್ರಕಾರ ಟಿಷಿಯನ್‌ನ ‘ಅರ್ಬಿನೊದ ವೀನಸ್’ ಪಕ್ಕದಲ್ಲಿಟ್ಟು ನಿಧಾನವಾಗಿ ನೋಡಿ. ಬೆತ್ತಲೆ ಹೆಣ್ಣು ಮಲಗಿರುವ ಭಂಗಿ ಹೆಚ್ಚುಕಡಿಮೆ ಅದೇ. ಕಾಲ ಬಳಿ ಮಲಗಿದ್ದ ನಾಯಿಯ ಜಾಗದಲ್ಲಿ ಬಾಲ ನಿಗುರಿಸಿದ ಕಪ್ಪು ಬೆಕ್ಕು ಬಂದಿದೆ. ಎಲ್ಲರೂ ಹೇಳುವುದು ಈ ಬೆಕ್ಕಿನ ವಿಷಯವನ್ನೇ. ಭಾವಚಿತ್ರಕಾರರಾದ ನಿಮಗೆ ಬೇಕಾದದ್ದು ಮೈಬಣ್ಣ. ಟಿಷಿಯನ್‌ನಲ್ಲಿ ಬೆಳಕಿನಿಂದ ನೆರಳಿಗೆ ಇಳಿಯುವ ಹಾದಿಯಲ್ಲಿ ಹಲವಾರು ನಡುಛಾಯೆಗಳಿವೆ; ಮೈ ಗುಂಡಗೆ, ಮೆತ್ತಗೆ ಕಾಣುವುದು ಅವುಗಳಿಂದ. ಮಾನೆ ಬೆಳಕನ್ನು ಎದುರಿನಿಂದ ಬೀಳಿಸಿ ಆ ನಡುಛಾಯೆಗಳಲ್ಲಿ ಬಹುಪಾಲನ್ನು ಕಿತ್ತುಹಾಕಿದ. ದೇಹ ಚಪ್ಪಟೆಯಾಯಿತು, ಅಂಚುಗಳು ಗಡುಸಾದವು. 1865ರಲ್ಲಿ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್‌ನಲ್ಲಿ ಅದನ್ನು ಕಂಡ ಜನ ಸಿಟ್ಟಾಗಲು ವಿಷಯದಷ್ಟೇ ಈ ಕೈಚಳಕವೂ ಕಾರಣ. ಭಂಗಿ ಹಳೆಯದು, ಬೆಳಕು ಹೊಸದು. ಆದರೂ ಎಲ್ಲೂ ಹೊಲಿಗೆ ಕಾಣಿಸುವುದಿಲ್ಲ.

ಇಂದಿನ ಅಮೆರಿಕನ್ ಚಿತ್ರಕಾರ ಕೆಹಿಂಡೆ ವೈಲಿ ಹೋದ ದಾರಿ ಬೇರೆ. ನೆಪೋಲಿಯನ್ ಆಲ್ಪ್ಸ್ ದಾಟುವ, ಫ್ರೆಂಚ್ ಚಿತ್ರಕಾರ ಡೇವಿಡ್‌ನ ಪ್ರಸಿದ್ಧ ಚಿತ್ರವನ್ನು 2005ರಲ್ಲಿ ಆತ ಮತ್ತೆ ಬರೆದಾಗ ಕುದುರೆಯನ್ನೂ ಭಂಗಿಯನ್ನೂ ಹಾಗೇ ಉಳಿಸಿಕೊಂಡ. ಸವಾರನಾಗಿ ಇಂದಿನ ಉಡುಪಿನ ಕಪ್ಪು ಯುವಕನನ್ನು ಕೂರಿಸಿ, ಬೆಟ್ಟದ ಆಳವಿದ್ದ ಕಡೆ ಕೆಂಪು-ಹೊಂಬಣ್ಣದ ಬಳ್ಳಿವಿನ್ಯಾಸವನ್ನು ಹರಡಿದ. ಡೇವಿಡ್‌ನ ಬಂಡೆಯ ಮೇಲೆ ಬೋನಪಾರ್ಟೆಯ ಜೊತೆಗೆ ಅವನಿಗಿಂತ ಮೊದಲು ಆಲ್ಪ್ಸ್ ದಾಟಿದ ಹ್ಯಾನಿಬಲ್, ಷಾರ್ಲಮೇನ್ ಹೆಸರುಗಳನ್ನು ಕೆತ್ತಿದಂತೆ ಬರೆದಿದೆ. ವೈಲಿ ಅಲ್ಲಿ ‘ವಿಲಿಯಮ್ಸ್’ ಎಂಬ ಸಾಮಾನ್ಯ ಹೆಸರನ್ನೂ ಸೇರಿಸಿದ. ಕುದುರೆಯ ಮೇಲೆ ಕೂರುವ ಹಕ್ಕು ಯಾರದು ಎಂಬ ಪ್ರಶ್ನೆ ಅಷ್ಟರಿಂದಲೇ ಏಳುತ್ತದೆ. ಅವನ ಎಲ್ಲ ಚಿತ್ರಗಳೂ ನನಗೆ ಹಿಡಿಸುವುದಿಲ್ಲ. ಹಿನ್ನೆಲೆಯ ಬಳ್ಳಿ ಎಷ್ಟೋ ಕಡೆ ಅಭ್ಯಾಸಬಲದಿಂದ ಬಂದಂತಿದೆ. ಇದು ಮಾತ್ರ ಗಟ್ಟಿ ಕೆಲಸ.

ಇದು ತೈಲವರ್ಣಕ್ಕೆ ಮಾತ್ರ ಸೀಮಿತವಲ್ಲ. ಲಾಹೋರಿನಲ್ಲಿ ಚಿಕಣಿ ಚಿತ್ರಕಲೆ, ಅಂದರೆ ಪುಟ್ಟ ಅಳತೆಯ ಕುಸುರಿ ಚಿತ್ರಗಳನ್ನು, ಕಲಿತ ಶಾಹ್ಜಿಯಾ ಸಿಕಂದರ್ ಕುಸುರಿಯನ್ನು ಸ್ವಲ್ಪವೂ ಸಡಿಲಿಸದೆ ಅದರ ಅಳತೆಯನ್ನೂ ಕಥೆಯನ್ನೂ ಬದಲಿಸಿ, ಆಧುನಿಕ ಮನೆಯೊಂದರ ಕೋಣೆಯಿಂದ ಕೋಣೆಗೆ ಸಾಗುವ ಹುಡುಗಿಯನ್ನು ಉದ್ದನೆಯ ಸುರುಳಿಯಲ್ಲಿ ಬರೆದರು.

ನೀವು ಕಲಿತ ಪದ್ಧತಿಯ ನಿಯಮಗಳನ್ನು ಬಿಡಿಬಿಡಿಯಾಗಿ ಬರೆದಿಡಿ: ರೇಖೆ, ಬೆಳಕು, ಆಳ, ಬಣ್ಣದ ಹರವು, ಮೇಲ್ಮೈಯ ನಯ, ವಿಷಯ. ಅವುಗಳಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು, ಮುರಿಯಿರಿ. ಉಳಿದವನ್ನು ಮೊದಲಿಗಿಂತ ಬಿಗಿಯಾಗಿ ಪಾಲಿಸಿ. ಅರ್ಧ ಹಳೆಯದು ಅರ್ಧ ಹೊಸದು ಎಂಬ ಪಾಲು ಮಾತ್ರ ಬೇಡ, ಅಲ್ಲಿ ನೋಡುಗನಿಗೆ ಕಾಣುವುದು ನಿಮ್ಮ ಹಿಂಜರಿಕೆ. ಒಂದೇ ಮುಖವನ್ನು ಹಲವು ಸಲ ಬರೆದು ಪ್ರತಿ ಸಲ ಬೇರೆ ನಿಯಮ ಮುರಿದು ನೋಡಿ. ಪಿಕಾಸೊ 1957ರಲ್ಲಿ 17ನೇ ಶತಮಾನದ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಹಿಡಿದು ಕೂತಾಗ ಹೊರಬಂದ ಸರಣಿಯಲ್ಲಿ 58 ಕ್ಯಾನ್ವಾಸ್‌ಗಳಿವೆ.

ಸಮತಟ್ಟಾದ ಹಿನ್ನೆಲೆಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಸುವ ಯೋಚನೆ ಇದೆ ಎಂದಿದ್ದೀರಿ. ಹಾಗಾದರೆ ಅದನ್ನು ಮೊದಲು ಮುಗಿಸಿ ಒಣಗಲು ಬಿಟ್ಟು, ಮುಖವನ್ನು ಆಮೇಲೆ ತೈಲದಲ್ಲಿ ಬರೆಯಿರಿ. ತೈಲದ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ, ಕಾಲಕ್ರಮದಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ.